ಪ್ಲೈವುಡ್ಡಿನ ಆಯತ

ಮೇ ೧೪, ಮಂಗಳವಾರ

ಮುದ್ದು ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನೀನು ಅತ್ತೆಯ ಮನೆಗೆ ಹೋಗಿ ಹತ್ತೊಂಬತ್ತು ದಿನವಾಯಿತು. ಫೋನು ಮಾಡಿದರೆ ಅತ್ತೆಯೇ ಎತ್ತುತ್ತಾಳೆ, ಅದಕ್ಕೇ ಈ ಕಾಗದ. ನೀನು ಹತ್ತನೇ ತರಗತಿಯ ಗಣಿತದಲ್ಲಿ ಫೇಲಾದ ದಿನ ನಮ್ಮ ಮರಗೆಲಸದ ಅಂಗಡಿಯಲ್ಲಿ, ಗಿರಾಕಿಗಳ ಎದುರೇ, "ಅಪವರ್ತನ ಅಂದ್ರೆ ನೀರು ಕುಡಿದಷ್ಟು ಸುಲಭ, ನಿನ್ನ ವಯಸ್ಸಲ್ಲಿ ನಾನು ನಿದ್ದೇಲೂ ಮಾಡ್ತಿದ್ದೆ" ಎಂದು ಕೂಗಾಡಿದೆ. ನೀನು ಅಂದೇ ಬ್ಯಾಗು ತುಂಬಿಕೊಂಡೆ. ಮರುಪರೀಕ್ಷೆಗೂ ಕೂರುವುದಿಲ್ಲವೆಂದು ಅತ್ತೆಯ ಬಾಯಲ್ಲಿ ಹೇಳಿಸಿದ್ದೀಯ.

ಆಮೇಲೆ ನಿನ್ನ ಪುಸ್ತಕ ತೆರೆದೆ. x² + 5x + 6 ಅನ್ನು ಅಪವರ್ತಿಸಿ ಎಂದಿತ್ತು. ಒಂದಕ್ಷರ ತಲೆಗೆ ಹೋಗಲಿಲ್ಲ. ಹೇಗೆ ಹೋದೀತು? ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟು ಉಳಿ ಹಿಡಿದವನು. ಅಂದು ಹೇಳಿದ್ದು ಹಸಿ ಸುಳ್ಳು.

ನಾಚಿಕೆ ಬಿಟ್ಟು ನಿನ್ನ ಗಣಿತದ ಮೇಡಂ ಹತ್ತಿರ ಹೋದೆ. "ಗುಣಿಸಿದ್ರೆ ಆರು, ಕೂಡಿದ್ರೆ ಐದು ಆಗೋ ಎರಡು ಸಂಖ್ಯೆ ಹೇಳಿ" ಎಂದರು. ಒಂದು, ಆರು ಎಂದೆ. "ಕೂಡಿ ನೋಡಿ." ಏಳು! ಬೆವರು ಒರೆಸಿಕೊಂಡು ಎರಡು, ಮೂರು ಎಂದೆ. "ಬಂತಲ್ಲ!" ಎಂದರು. ಬಂತು, ಆದರೆ ಯಾಕೆ ಹಾಗೆಂದು ತಿಳಿಯಲಿಲ್ಲ.

ಐದಾರು ದಿನ ಅದೇ ಗುಂಗು. ಕೊನೆಗೆ ಪ್ಲೈವುಡ್ ಕೊಯ್ದೆ. x ಎಷ್ಟೆಂದು ಅಳೆಯಲಿಲ್ಲ, ಕೈಗೆ ಸಿಕ್ಕಿದ್ದೇ ಒಂದು ಚೌಕ; ಅದು x². ಅದರಷ್ಟೇ ಉದ್ದ, ಇಂಚು ಅಗಲದ ಐದು ಪಟ್ಟಿ; ಅದು 5x. ಇಂಚಿನ ಆರು ಪುಟ್ಟ ಚೌಕ. ಚೌಕದ ಒಂದು ಬದಿಗೆ ಎರಡು ಪಟ್ಟಿ, ಕೆಳಗೆ ಮೂರು, ಖಾಲಿ ಮೂಲೆಗೆ ಆರು ಚೂರು. ಕೂದಲೆಳೆಯಷ್ಟೂ ಸಂದಿಲ್ಲದೆ ಆಯತ ಕೂತಿತು! ಒಂದು ಬದಿ x + 2, ಇನ್ನೊಂದು x + 3. ಒಬ್ಬನೇ ಜೋರಾಗಿ ನಕ್ಕೆ. ಮರುಕ್ಷಣವೇ, ನನಗೇ ಇಷ್ಟು ದಿನ ಹಿಡಿದದ್ದಕ್ಕೆ ಮಗಳನ್ನು ನಿಂತ ನಿಲುವಿನಲ್ಲಿ ಬೈದೆನಲ್ಲ ಎನಿಸಿ ಈ ಕಾಗದ ಬರೆಯಲು ಕೂತೆ.

ಋಣ ಚಿಹ್ನೆ ಬಂದರೆ ಇನ್ನೂ ಎಡವುತ್ತೇನೆ. ಇಲ್ಲದ ಪಟ್ಟಿಯನ್ನು ಹೇಗೆ ಜೋಡಿಸುವುದು? ನಿನಗೆ ಗೊತ್ತಿದ್ದರೆ ಹೇಳಿಕೊಡು.

ತಪ್ಪಾಯಿತು, ಪುಟ್ಟಿ. ಎದುರಿಗೆ ನಿಂತು ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಇಂತಿ,
ನಿನ್ನ ಅಪ್ಪ

ವಿ.ಸೂ.: ಹತ್ತನೇ ತರಗತಿ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ನಾನೂ ಫಾರಂ ತುಂಬಿದ್ದೇನೆ. ನಿನ್ನ ಮರುಪರೀಕ್ಷೆಯ ಫಾರಂ ಮೇಡಂ ಬಳಿಯೇ ಇದೆ; ನಿನ್ನ ಸಹಿಯೊಂದು ಬಾಕಿ. ನೀನು ಬರೆದರೂ ಬಿಟ್ಟರೂ ನಾನಂತೂ ಬರೆಯುವವನೇ. ಅತ್ತೆಗೆ ಮಾತ್ರ ಹೇಳಬೇಡ, ಊರಿಗೆಲ್ಲ ಸಾರುತ್ತಾಳೆ.