ಎರಡಳತೆ ಚಿಕ್ಕದಾದ ನೀಲಿ ಗೌನು

ಅಕ್ಕ ಒಬ್ದುಲಿಯಾ,

ನಿನ್ನ ಮಗಳು ನಿಕ್ತೆಯ ಹದಿನೈದನೇ ಹುಟ್ಟುಹಬ್ಬಕ್ಕೆ ನಾನು ತೊಡಲೆಂದು ನೀನು ಇಲ್ಲಿ ಮೆರಿದಾ ಊರಿಗೆ ಕಳಿಸಿದ ನೀಲಿ ಗೌನು ಈಗ ಎರಡು ತುಂಡಾಗಿದೆ. ಕೋಪ ಮಾಡಿಕೊಳ್ಳುವ ಮೊದಲು ಪೂರ್ತಿ ಓದು.

"ಎರಡಳತೆ ಚಿಕ್ಕದಾಗೇ ಹೊಲಿಸಿದೀನಿ ಕಣೇ, ಆಗಲಾದ್ರೂ ಇಳೀತೀಯ" ಅಂದಿದ್ದೆಯಲ್ಲ, ನಾನೂ ನಂಬಿದ್ದೆ. ಟೋರ್ಟಿಯಾ ರೊಟ್ಟಿ ಬಿಟ್ಟೆ, ರಾತ್ರಿಯೂಟ ಬಿಟ್ಟೆ. ಹಸಿದಷ್ಟೂ ಸೊಂಟ ಊದುತ್ತಲೇ ಹೋಯಿತು. ಹತ್ತೊಂಬತ್ತನೇ ವಯಸ್ಸಿಗೇ ಅಂಡಾಶಯದ ತೊಂದರೆ ಅಂದ ಡಾಕ್ಟರು, "ಮುಟ್ಟು ನಿಂತ ಮೇಲೆ ಎಲ್ಲಾ ಸರಿಹೋಗತ್ತೆ" ಎಂದಿದ್ದರು. ಮುಟ್ಟು ನಿಂತಿತು. ಗಲ್ಲದ ಕೂದಲು ನಿಲ್ಲಲಿಲ್ಲ, ತೂಕವೂ ನಿಲ್ಲಲಿಲ್ಲ. ಜೊತೆಗೆ ಒಳಗಿನಿಂದ ಏಳುವ ಬೆಂಕಿಯಂಥ ಸೆಕೆ ಬೇರೆ.

ಮೊನ್ನೆ ಮಧ್ಯಾಹ್ನ ಒಬ್ಬಳೇ ಇದ್ದಾಗ ಗೌನು ಹಾಕಿ, ಉಸಿರು ಬಿಗಿಹಿಡಿದು ಪಕ್ಕದ ಜಿಪ್ಪು ಏರಿಸಿದೆ. ಅರ್ಧಕ್ಕೇ ಕಚ್ಚಿಕೊಂಡಿತು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಆಗಲೇ ಆ ಸೆಕೆ ಎದೆಯಿಂದ ಮುಖಕ್ಕೆ ನುಗ್ಗಿತು. ಕೂರಲಾಗದೆ, ತೋಳೆತ್ತಲಾಗದೆ, ಗೋಡೆಗೊರಗಿ ಕೂಗಿದೆ. ಪಕ್ಕದ ಮನೆಯ ಕಸಿಲ್ದಾ ಅಡುಗೆಮನೆಯ ಕತ್ತರಿ ಹಿಡಿದೇ ಓಡಿ ಬಂದಳು. "ಅಯ್ಯೋ, ಬಾಳೆಲೇಲಿ ಕಟ್ಟಿದ ತಮಾಲೆ ಕಡುಬಿನ ಥರ ಆಗಿದೀಯಲ್ಲೇ!" ಎಂದು ನಕ್ಕವಳು, ನನ್ನ ಮುಖ ನೋಡಿ ಗೌನನ್ನು ಉದ್ದಕ್ಕೂ ಕತ್ತರಿಸಿದಳು.

ಡಾಕ್ಟರ ಹತ್ತಿರ ಕರೆದೊಯ್ದವಳೂ ಅವಳೇ. ರಕ್ತದಲ್ಲಿ ಸಕ್ಕರೆ ಏರಿತ್ತು. "ಮುಟ್ಟು ನಿಂತ ತಕ್ಷಣ ಈ ಕಾಯಿಲೆ ಹೋಗಲ್ಲಮ್ಮ. ಹಸ್ಕೊಂಡಿದ್ರೆ ಮಾಂಸಖಂಡನೂ ಕರಗತ್ತೆ" ಎಂದರು ಡಾಕ್ಟರಮ್ಮ. ಮಾತ್ರೆ ಬರೆದರು. ಬೆಳಿಗ್ಗೆ ಮೊಟ್ಟೆ, ಕಾಳು ತಿನ್ನಬೇಕು, ನಡೆಯಬೇಕು, ಭಾರ ಎತ್ತಬೇಕು. ಎಷ್ಟು ಇಳಿಯುತ್ತೆ ಎಂದು ಕೇಳಿದೆ. "ಸ್ವಲ್ಪ. ಅದೂ ನಿಧಾನಕ್ಕೆ." ಹೊರಗೆ ಬಂದು ಅತ್ತುಬಿಟ್ಟೆ ಅಕ್ಕ. ಒಂದು ದಿನ ಈ ಮೈಯಿಂದ ಬಿಡುಗಡೆಯಿದೆ ಎಂದುಕೊಂಡೇ ಇಷ್ಟು ವರ್ಷ ಕಾದಿದ್ದೆ.

ಈಗ ದಿನಾ ನೀರಿನ ಕ್ಯಾನು ಎತ್ತಿಳಿಸುತ್ತೇನೆ. ಸೊಂಟ ಇದ್ದಲ್ಲೇ ಇದೆ. ಸಮಾರಂಭಕ್ಕೆ ನನ್ನ ಹಳೆಯ ಸಡಿಲ ಕಸೂತಿ ಅಂಗಿಯಲ್ಲೇ ಬರುತ್ತೇನೆ.

ಆದರೆ ಇದನ್ನೆಲ್ಲ ಬರೆದದ್ದು ನಿಕ್ತೆಗಾಗಿ. ಭಾನುವಾರ ನಿನ್ನ ಮಗಳು ಫೋನಿನಲ್ಲಿ ಪಿಸುಗುಟ್ಟಿದಳು: "ಚಿಕ್ಕಮ್ಮಾ, ಎಷ್ಟೋ ತಿಂಗಳಿಂದ ನಂಗೆ ಮುಟ್ಟೇ ಆಗಿಲ್ಲ. ಗಲ್ಲದಲ್ಲಿ ಕೂದಲು ಬರ್ತಿದೆ. ಅಮ್ಮ ನೋಡಿದ್ರೆ, ದಪ್ಪ ಆಗ್ತಿದೀಯ ಅಂತ ನನ್ನ ತಟ್ಟೆ ಎತ್ತಿಡ್ತಾಳೆ." ಹೇಳಬೇಡ ಎಂದಿದ್ದಳು, ಹೇಳುತ್ತಿದ್ದೇನೆ. ಹಬ್ಬ ಮುಂದಕ್ಕೆ ಹೋದರೂ ಸರಿ, ಮೊದಲು ಅವಳನ್ನು ಡಾಕ್ಟರಿಗೆ ತೋರಿಸು. ನಾಳೆ ಬೆಳಿಗ್ಗೆ ಅವಳೆದುರು ತಿಂಡಿ ಇಟ್ಟು, ತಿಂದು ಮುಗಿಸುವವರೆಗೆ ಪಕ್ಕದಲ್ಲಿ ಕೂರು. ಏನೂ ಹೇಳಬೇಡ. ಸುಮ್ಮನೆ ಕೂರು.

ಅವಳ ನೆತ್ತಿಗೊಂದು ಮುತ್ತು. ದೇವಮಾತೆ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ತಂಗಿ,
ಫಿಡೆನ್ಸಿಯಾ