‘ಸಾಕು’ ಎನ್ನುವುದಕ್ಕೆ ಒಂದು ಪೂರ್ತಿ ವಾಕ್ಯ

ಗೋದಾಮಿನ ಮಾನ್ಯ ತರಬೇತಿ ಅಧಿಕಾರಿಗಳೇ,

ನನ್ನ ಎಡಪಾದ ಹೋದದ್ದು ನನ್ನ ತಂಗಿಯ ಇಂಗ್ಲಿಷ್ ಸಾಲದೆ ಎಂದು ತಾವು ವರದಿ ಬರೆದಿದ್ದೀರಿ. ಅವಳು ಕರ್ತೃ-ಕ್ರಿಯಾಪದಗಳ ಹೊಂದಾಣಿಕೆಯನ್ನು ಇನ್ನೂ ಮೂರು ತಿಂಗಳು ಅಭ್ಯಾಸ ಮಾಡಬೇಕು, ಅಲ್ಲಿಯವರೆಗೆ ಲಾರಿ ನಿಲ್ಲುವ ಅಂಗಳಕ್ಕೆ ಕಾಲಿಡಬಾರದು ಎಂದು ಆದೇಶವನ್ನೂ ಹೊರಡಿಸಿದ್ದೀರಿ. ಪಾದ ಕಳೆದುಕೊಂಡವನು ನಾನು. ನನ್ನನ್ನು ಒಂದು ಮಾತೂ ಕೇಳದೆ ಅಪರಾಧಿಯನ್ನು ಹಿಡಿದುಕೊಟ್ಟ ತಮ್ಮ ಚುರುಕುತನಕ್ಕೆ ತಲೆಬಾಗುತ್ತೇನೆ. ಈ ಪತ್ರವನ್ನು ತಮ್ಮ ಮೇಜಿಗೆ ತಲುಪಿಸದೆ ಗೇಟಿಗೆ ಅಂಟಿಸಿರುವುದಕ್ಕೆ ಬೇಸರ ಬೇಡ. ತಮ್ಮ ಕೋಣೆ ಮೂರನೇ ಮಹಡಿಯಲ್ಲಿದೆ, ನಾನು ಸದ್ಯಕ್ಕೆ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿಲ್ಲ.

ಗೇಟಿನ ಮುಂದೆ ನಿಂತು ಓದುತ್ತಿರುವವರಿಗೆ ನಮ್ಮ ಕೆಲಸ ಹೇಳಬೇಕು. ಲಾರಿ ಹಿಮ್ಮುಖವಾಗಿ ಬಂದು ಸರಕಿನ ಕಟ್ಟೆಗೆ ತಾಗಿ ನಿಲ್ಲಬೇಕು. ಕಟ್ಟೆಯ ಅಂಚು ಚಾಲಕನ ಕನ್ನಡಿಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ನನ್ನ ತಂಗಿ, “ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಬರ್ಲಿ, ಸಾಕು” ಎನ್ನುತ್ತಿದ್ದಳು. ಅಷ್ಟೇ. ಇಷ್ಟು ವರ್ಷಗಳಲ್ಲಿ ಯಾವ ಲಾರಿಯೂ ಕಟ್ಟೆಯ ಸಿಮೆಂಟನ್ನು ಕೂಡ ಕೆರೆದಿರಲಿಲ್ಲ. ಅವಳು ‘ಸಾಕು’ ಎಂದರೆ ಆಚೆ ಬೀದಿಯ ಲಾರಿಯೂ ಒಮ್ಮೆ ಬ್ರೇಕ್ ಒತ್ತುತ್ತದೆ ಎಂದು ಚಾಲಕರು ಅವಳನ್ನು ರೇಗಿಸುತ್ತಿದ್ದರು.

ಆಮೇಲೆ ತಾವು ಬಂದಿರಿ. ಹೊರಗಿನ ಅತಿಥಿಗಳು ಬಂದಾಗ ಈ ಕೂಗಾಟ ಅನಾಗರಿಕವಾಗಿ ಕೇಳಿಸುತ್ತದೆ ಎಂದು ತಮ್ಮ ಸೂಕ್ಷ್ಮ ಕಿವಿಗೆ ಅನ್ನಿಸಿತು. ಇನ್ನು ಮುಂದೆ ಪ್ರತಿಯೊಂದು ಸೂಚನೆಯೂ ಇಂಗ್ಲಿಷಿನ ಪೂರ್ಣ ವಾಕ್ಯದಲ್ಲಿರಬೇಕು, ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಾಗಬೇಕು ಎಂದಿರಿ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇವತ್ತು ಎರಡು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ವಾಕ್ಯ ಪೂರ್ತಿಯಾಗುವವರೆಗೆ ಚಾಲಕ ಅದನ್ನು ಪಾಲಿಸಕೂಡದು ಎಂದೂ ಸೇರಿಸಿದಿರಿ. ಹಾಗೆ ಮಾಡದಿದ್ದರೆ ಜನ ಕಲಿಯುವುದಿಲ್ಲವಂತೆ.

ಬೆಳಿಗ್ಗೆ ಕೆಲಸಕ್ಕೆ ಮುಂಚೆ ಟೈರ್ ಇಡುವ ಶೆಡ್ಡಿನಲ್ಲಿ ಪಾಠ. ಒಂದು ಸಾಲು ಕರ್ತೃವನ್ನು ಕೂಗಬೇಕು, ಎದುರಿನ ಸಾಲು ಕ್ರಿಯಾಪದವನ್ನು. ತಪ್ಪಿದವರು ಊಟದ ಹೊತ್ತಿನಲ್ಲಿ, ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಂತು, ಉಳಿದವರ ಊಟ ಮುಗಿಯುವ ತನಕ ಸರಿಯಾದ ವಾಕ್ಯವನ್ನು ಒಪ್ಪಿಸುತ್ತಿರಬೇಕು. ತಂಗಿ ಅಲ್ಲಿ ನಿಂತ ದಿನ ತಾವು ಅವಳ ತೂಕವನ್ನು ಮೈಕಿನಲ್ಲಿ ಓದಿ ಹೇಳಿದಿರಿ. ನೆನಪಿದೆಯೇ? ಎಲ್ಲರೂ ನಕ್ಕರು. ತಮ್ಮ ಹಾಸ್ಯಪ್ರಜ್ಞೆಗೆ ವ್ಯಾಕರಣದ ಅಂಕುಶವಿಲ್ಲ ಎಂಬುದು ಆವತ್ತು ಗೊತ್ತಾಯಿತು.

ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಅವಳಿಗೆ ಅದೇ ಧ್ಯಾನ.

“ಅಣ್ಣಾ, ಒಂದು ಪೆಟ್ಟಿಗೆ ಆದ್ರೆ ‘ಈಸ್’ ಅಲ್ವಾ? ಅದರೊಳಗೆ ಇಪ್ಪತ್ತು ಡಬ್ಬ ಇದ್ರೆ?”

“ನಂಗೇನು ಗೊತ್ತೇ, ಬಿಡು, ಮಲ್ಕೋ ಹೋಗು.”

“ನೀನು ಬಿಡು ಅಂತೀಯ. ಅಲ್ಲಿ ಹತ್ತಿ ನಿಲ್ಲೋಳು ನಾನು.”

ಹೀಗೆ ತಾವು ಅವಳಿಗೆ ಒಂದು ವಿದ್ಯೆ ಕಲಿಸಿದಿರಿ. ಬಾಯಿ ತೆರೆಯುವ ಮುಂಚೆ ಹೆದರುವ ವಿದ್ಯೆ.

ಆ ಮಧ್ಯಾಹ್ನ ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡು ಕಟ್ಟೆಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ನಾನು ಇಳಿದೆ. ಲಾರಿ ಇನ್ನೂ ದೂರದಲ್ಲಿತ್ತು, ಕೂಗುವವಳು ನನ್ನ ತಂಗಿಯೇ ಆಗಿದ್ದಳು, ನನಗೇನು ಭಯ? ತಾವು ಅತಿಥಿಗಳೊಂದಿಗೆ ಮೇಲಿನ ಕಿಟಕಿಯಲ್ಲಿ ನಿಂತಿದ್ದಿರಿ. ಅವಳು ನನ್ನನ್ನು ನೋಡಿದಳು. ತಮ್ಮನ್ನೂ ನೋಡಿದಳು. “ಮೈ ಬ್ರದರ್” ಎಂದಳು. ಮುಂದಿನ ಪದ ಬರಲಿಲ್ಲ. ಬಾಯಿ ತೆರೆದೇ ಇತ್ತು. ನಾವೆಲ್ಲ ಮೀಸೆ ಎಂದು ಕರೆಯುವ ಚಾಲಕ, ವಾಕ್ಯ ಮುಗಿಯಲಿ ಎಂದು ಕಾಯುತ್ತಾ ಲಾರಿಯನ್ನು ಹಿಂದಕ್ಕೆ ಬಿಡುತ್ತಲೇ ಇದ್ದ. ಹಿಂದಿನ ವಾರವಷ್ಟೇ ಬರೀ ‘ಸಾಕು’ ಎಂದದ್ದಕ್ಕೆ ನಿಲ್ಲಿಸಿ ತಮ್ಮಿಂದ ಬೈಸಿಕೊಂಡಿದ್ದ ಬಡಪಾಯಿ. ಬಗ್ಗಿದ್ದ ನನ್ನ ಪಾದದ ಮೇಲೆ ಚಕ್ರ ಹತ್ತಿದಾಗ, ಕೊನೆಗೆ ಕೂಗಿದವನು ನಾನು. ಆ ಕೂಗಿನಲ್ಲಿ ಕರ್ತೃವೂ ಇರಲಿಲ್ಲ, ಕ್ರಿಯಾಪದವೂ ಇರಲಿಲ್ಲ. ಆದರೂ ಮೀಸೆ ಲಾರಿ ನಿಲ್ಲಿಸಿಬಿಟ್ಟ. ಅದಕ್ಕೆ ಅವನಿಗೂ ತಾವು ನೋಟಿಸು ಕೊಟ್ಟಿದ್ದೀರಂತೆ. ನ್ಯಾಯವೇ.

ಆಸ್ಪತ್ರೆಗೆ ತಾವು ಬಂದಿರಿ, ಹಣ್ಣನ್ನೂ ತಂದಿರಿ. ಮಂಚದ ಪಕ್ಕ ಕುಳಿತು ತಂಗಿಗೆ ಹೇಳಿದ ಮಾತನ್ನು ನಾನು ಅರೆಪ್ರಜ್ಞೆಯಲ್ಲೂ ಕೇಳಿಸಿಕೊಂಡೆ. “ನೋಡಮ್ಮಾ, ಒಂದೇ ಒಂದು ಪದ ನೆಟ್ಟಗೆ ಕಲ್ತಿದ್ರೆ ನಿಮ್ಮಣ್ಣನ ಕಾಲು ಉಳೀತಿತ್ತು.” ಸ್ವಾಮೀ, ಲಾರಿ ನನ್ನ ಪಾದವನ್ನಷ್ಟೇ ತೆಗೆದುಕೊಂಡಿತು. ಅದಕ್ಕೆ ಬುದ್ಧಿ ಇರಲಿಲ್ಲ. ಇಷ್ಟು ಓದಿದ ತಮಗೆ, ಎಲ್ಲಿ ಒತ್ತಿದರೆ ಇಡೀ ಜೀವವೇ ಮುರಿಯುತ್ತದೆ ಎಂಬುದು ಗೊತ್ತಿತ್ತು.

ಈಗ ನನ್ನ ತಂಗಿ ಮಾತಾಡುವುದಿಲ್ಲ. ಊಟಕ್ಕೆ ಬಾ ಎಂದು ಕರೆಯುವುದಿಲ್ಲ. ಬಾಗಿಲಲ್ಲಿ ನಿಂತು, ನಾನಾಗಿ ತಿರುಗಿ ನೋಡುವವರೆಗೆ ಕಾಯುತ್ತಾಳೆ. ಮೊನ್ನೆ ಒಲೆಯ ಪಕ್ಕದಲ್ಲಿದ್ದ ಬಟ್ಟೆಗೆ ಬೆಂಕಿ ಹತ್ತಿದಾಗಲೂ ಬಂದು ನನ್ನ ತೋಳು ಹಿಡಿದು ಎಳೆದಳು, ಕೂಗಲಿಲ್ಲ. ಲಾರಿಗಳನ್ನು ತಡೆದು ನಿಲ್ಲಿಸುತ್ತಿದ್ದ ಗಂಟಲು ಅದು. ನನಗೆ ಕಾಲಿಗಿಂತ ಅದರದೇ ಸಂಕಟ.

ನನಗೆ ಪರಿಹಾರ ಬೇಡ, ಕೃತಕ ಪಾದ ಬೇಡ, ತಮ್ಮ ಕ್ಷಮಾಪಣೆಯ ಪತ್ರವಂತೂ ಬೇಡವೇ ಬೇಡ. ತಮ್ಮನ್ನು ಕೆಲಸದಿಂದ ತೆಗೆಯಿರಿ ಎಂದೂ ನಾನು ಕೇಳುವುದಿಲ್ಲ. ಆಮೇಲೆ ತಾವು ಹೋಗಿ ಸೇರುವ ಇನ್ನೊಂದು ಗೋದಾಮಿನವರು ನನಗೇನು ಅನ್ಯಾಯ ಮಾಡಿದ್ದಾರೆ? ಒಂದೇ ಬೇಡಿಕೆ. ತಾವು ನಮ್ಮ ಮನೆಗೆ ಬರಬೇಕು. ತಂಗಿಯ ಎದುರು ನಿಂತು, ಬೇಕಾದ ಭಾಷೆಯಲ್ಲಿ, ಬೇಕಾದಷ್ಟು ತಪ್ಪಾಗಿ, ಅದು ಅವಳ ತಪ್ಪಲ್ಲ ಎಂದು ಹೇಳಬೇಕು. ನಾನು ದಿನವೂ ಹೇಳುತ್ತೇನೆ. ಅಣ್ಣನಲ್ಲವೇ, ಸಮಾಧಾನಕ್ಕೆ ಹೇಳುತ್ತಾನೆ ಎಂಬಂತೆ ನೋಡುತ್ತಾಳೆ. ತಾವು ಹೇಳಿದರೆ ನಂಬುತ್ತಾಳೆ. ಈ ಮನೆಯಲ್ಲಿ ತಮ್ಮ ಮಾತನ್ನು ಇನ್ನೂ ನಂಬುವವಳು ಅವಳೊಬ್ಬಳೇ.

ಇಂತಿ,
ಬೆಳಗಿನ ಪಾಠಕ್ಕೆ ಗೈರುಹಾಜರೆಂದು ತಾವು ಇಂದಿಗೂ ಗುರುತು ಹಾಕಿಸುತ್ತಿರುವ
ಲೋಡಿಂಗ್ ಮೇಸ್ತ್ರಿ