ಮೂವತ್ತೊಂಬತ್ತು ಅನುಮತಿಗಳು

ಬಸವಕಲ್ಯಾಣ
ದಿನಾಂಕ: 27-06-2025, ಶುಕ್ರವಾರ

1. ಬರೆಯುವವರು: ತುಳಜಾರಾಮ ತಂದೆ ಮಾಣಿಕಪ್ಪ, ವಯಸ್ಸು 71, ಉದ್ಯೋಗ ಅರ್ಜಿ ಬರವಣಿಗೆ, ತಹಶೀಲ ಕಚೇರಿ ಎದುರಿನ ಅಂಗಡಿ.
2. ಯಾರಿಗೆ: ಶೀತಲ ಗಂಡ ಅಂಬರೀಷ, ಸದರಿ ಅಂಗಡಿಯ ಕಂಪ್ಯೂಟರ್ ನಡೆಸುವವಳು, ವಾಸ ಹುಮನಾಬಾದ. ಬರೆಯುವವರ ಏಕೈಕ ಪುತ್ರಿ.
3. ವಿಷಯ: ಸದರಿ ಕಂಪ್ಯೂಟರಿನ ಪರದೆಯ ಮೇಲೆ ಕರೆಯದೆ ಬರುತ್ತಿದ್ದ ಜಾಹೀರಾತುಗಳು, ಮತ್ತು ಆ ಬಗ್ಗೆ ಶೀತಲಳ ಮೇಲೆ ಹೊರಿಸಲಾದ ಆರೋಪ.
4. ತಪ್ಪಿತಸ್ಥರ ಹೆಸರು: ಮುಂದೆ ನಿವೇದಿಸಲಾಗಿದೆ.
5. ತುರ್ತು: ಸೋಮವಾರಕ್ಕಿಂತ ಮೊದಲೇ ಓದತಕ್ಕದ್ದು.

ಚಿರಂಜೀವಿ ಸೌಭಾಗ್ಯವತಿ ಶೀತಲಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನೀನು ಫೋನು ಎತ್ತುತ್ತಿಲ್ಲವಾದ್ದರಿಂದ ಈ ಕಾಗದವನ್ನು ಮೊಬೈಲ್ ಅಂಗಡಿಯ ಮೀನಾಜ್ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಾಳೆ ಮೊದಲ ಬಸ್ಸಿಗೆ ಅವಳು ಹುಮನಾಬಾದಕ್ಕೆ ಬರುತ್ತಾಳೆ. ಸೋಮವಾರದಿಂದ ಅಲ್ಲಿಯದೇ ಒಂದು ಸೇವಾ ಕೇಂದ್ರದಲ್ಲಿ ನೀನು ಕೆಲಸಕ್ಕೆ ಸೇರುತ್ತಿರುವುದಾಗಿ ಅಳಿಯಂದಿರು ನಿನ್ನ ಅವ್ವನಿಗೆ ತಿಳಿಸಿದರು. ಸೇರುವುದಕ್ಕೆ ಮೊದಲು ಇದನ್ನು ಕೊನೆಯವರೆಗೆ ಓದು ಎಂಬುದು ನನ್ನ ಮೊದಲ ವಿನಂತಿ. ಇನ್ನೊಂದು ವಿನಂತಿಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಮೊದಲು ಹೇಳಬೇಕಾದ ಸುದ್ದಿಯನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಮಗಳೇ, ಕಂಪ್ಯೂಟರ್ ಸ್ವಚ್ಛವಾಗಿದೆ. ಈ ಬೆಳಿಗ್ಗೆ ಮಂಠಾಳದ ಮಡೆಪ್ಪನವರು ಬಂದರು. ಪಹಣಿ ತೆಗೆದೆ. ಹೌದು, ನಾನೇ ತೆಗೆದೆ. ಸರ್ವೆ ನಂಬರು ಹಾಕಿದೆ, ಪುಟ ತೆರೆಯಿತು, ಮುದ್ರಣಕ್ಕೆ ಕೊಟ್ಟೆ, ಹಾಳೆ ಹೊರಗೆ ಬಂತು. ನಡುವೆ ಯಾವ ಡಬ್ಬಿಯೂ ಹಾರಿ ಬರಲಿಲ್ಲ, ಪುಟವು ತನ್ನಷ್ಟಕ್ಕೆ ಬೇರೆಡೆಗೆ ಓಡಲಿಲ್ಲ, ಬಲಮೂಲೆಯಲ್ಲಿ ಯಾವ ಹೆಂಗಸೂ ಇಣುಕಲಿಲ್ಲ. ಮಡೆಪ್ಪನವರು ಹಾಳೆಯನ್ನು ಮಡಚಿಕೊಂಡು, “ಏನ್ರಿ ಸಾಹುಕಾರ, ಇವತ್ತ ಸಿನೆಮಾ ಬಂದ್ ಅದ ಏನು?” ಎಂದು ಕೇಳಿದರು. ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ನಗು ಬಂತು.

ಇದು ಸಾಧ್ಯವಾದುದು ಹೇಗೆಂದು ಸವಿಸ್ತಾರವಾಗಿ ನಿವೇದಿಸುತ್ತೇನೆ.

ನಿನ್ನೆ ಮೀನಾಜ್ ತನ್ನ ಮೊಬೈಲ್ ಅಂಗಡಿಯನ್ನು ಅರ್ಧ ಮುಚ್ಚಿ ನಮ್ಮಲ್ಲಿಗೆ ಬಂದಳು. ಕಂಪ್ಯೂಟರಿಗೆ ರೋಗ ತಗಲಿದೆ, ಹೊಸದನ್ನೇ ತರಬೇಕಾದೀತು ಎಂದು ನಾನು ಹೇಳಿದೆ. ಅವಳು ಮೌಸನ್ನು ಮುಟ್ಟಲೇ ಇಲ್ಲ. ನನ್ನನ್ನೇ ಕುರ್ಚಿಯ ಮೇಲೆ ಕೂರಿಸಿ, ಮೇಲಿನ ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿಸಿ, ಸೆಟ್ಟಿಂಗಿನೊಳಗೆ ಕರೆದೊಯ್ದು, ಅಧಿಸೂಚನೆ ಎಂಬ ಕಡೆ ನಿಲ್ಲಿಸಿದಳು. ಅಲ್ಲೊಂದು ಪಟ್ಟಿ ಇತ್ತು. ನಮ್ಮ ಪರದೆಗೆ ಬೇಕೆಂದಾಗ ಸೂಚನೆ ಕಳಿಸಲು ಅನುಮತಿ ಪಡೆದ ತಾಣಗಳ ಪಟ್ಟಿ. ಎಣಿಸಿದೆ. ಮೂವತ್ತೊಂಬತ್ತು.

“ಚಾಚಾ, ಇದು ರೋಗ ಅಲ್ರಿ,” ಎಂದಳು. “ಇವ್ರಿಗೆಲ್ಲ ಯಾರೋ ದಾವತ್ ಕೊಟ್ಟು ಕರದಾರ. ಕರದ್ ಮ್ಯಾಲ ಬರಲ್ಲೇನು?”

ಯಾರು ಕರೆದರು ಎಂದು ನಾನು ಬಿಗುವಾಗಿ ಕೇಳಿದೆ. ಆಗ ಅವಳು ನೋಡಿದ ಪುಟಗಳ ಇತಿಹಾಸವನ್ನು ತೆರೆಸಿದಳು. ಅದರಲ್ಲಿ ಪ್ರತಿ ಪುಟದ ಎದುರು ದಿನಾಂಕವಿದೆ, ಗಂಟೆ ನಿಮಿಷವಿದೆ. ಯಾವ ಕಚೇರಿಯ ಆವಕ ಪುಸ್ತಕವೂ ಅಷ್ಟು ಪ್ರಾಮಾಣಿಕವಲ್ಲ.

“ಓದ್ರಿ ಚಾಚಾ. ಎಲ್ಲಾ ಮಧ್ಯಾಹ್ನ ಎರಡರಿಂದ ಮೂರು. ಆವಾಗ ಶೀತಲ ನಿಮ್ಮ ಮನಿಗಿ ಉಣ್ಣಾಕ ಹೋಗಿರ್ತಾಳ. ಕುರ್ಚಿ ಮ್ಯಾಲ ಯಾರ್ ಇರ್ತಾರ?”

ಮೇಲಿನ ಕ್ರಮಾಂಕ 4ರಲ್ಲಿ ಬಿಟ್ಟ ಹೆಸರು ತುಳಜಾರಾಮ. ನಿನ್ನ ಅಪ್ಪ.

ಆಗಿದ್ದು ಹೀಗೆ. ನಿನ್ನೆದುರು ಕಂಪ್ಯೂಟರ್ ಕಲಿಯಲು ನನಗೆ ನಾಚಿಕೆಯಾಗುತ್ತಿತ್ತು. ನಲವತ್ತು ವರ್ಷ ಈ ಕೈಯಿಂದ ಊರವರ ಅಹವಾಲು ಬರೆದವನು ಮಗಳಿಂದ ಅಕ್ಷರ ಒತ್ತುವುದನ್ನು ಹೇಳಿಸಿಕೊಳ್ಳುವುದು ಹೇಗೆ ಎನಿಸಿತು. ಆದ್ದರಿಂದ ನೀನು ಊಟಕ್ಕೆ ಹೋದಾಗ ಕೂತು ಅರ್ಜಿಗಳ ನಮೂನೆ ಹುಡುಕುತ್ತಿದ್ದೆ. ಉಚಿತ ನಮೂನೆ ಎಂದು ಬರೆದ ಹಸಿರು ಗುಂಡಿ ಕಂಡಲ್ಲೆಲ್ಲ ಒತ್ತಿದೆ. ಪ್ರತಿ ಬಾರಿಯೂ ಒಂದು ಚಿಕ್ಕ ಡಬ್ಬಿ ಎದ್ದು ಬಂದು, ತನಗೆ ಸೂಚನೆ ಕಳಿಸಲು ಅವಕಾಶ ಬೇಕೆಂದು ಕೇಳುತ್ತಿತ್ತು. ನನಗಾಗಿಯೇ ನೀನು ಎಲ್ಲವನ್ನೂ ಕನ್ನಡಕ್ಕೆ ಬದಲಿಸಿದ್ದೆಯಲ್ಲ, ಹೀಗಾಗಿ ನಿಚ್ಚಳವಾಗಿ ಓದಿದೆ. ಒಂದು ಕಡೆ ‘ನಿರ್ಬಂಧಿಸಿ’, ಇನ್ನೊಂದು ಕಡೆ ‘ಅನುಮತಿಸಿ’.

ನೀನು ನಗಬಾರದು. ನನ್ನ ಆಯುಷ್ಯವೆಲ್ಲ “ದಯಮಾಡಿ ಅನುಮತಿ ನೀಡಬೇಕಾಗಿ ಪ್ರಾರ್ಥನೆ” ಎಂದು ಸಾಹೇಬರುಗಳಿಗೆ ಬರೆಯುವುದರಲ್ಲಿ ಕಳೆದಿದೆ. ಆ ಒಂದು ಪದಕ್ಕಾಗಿ ಜನ ಹನ್ನೆರಡು ಸಲ ಅಲೆದದ್ದನ್ನು ಕಂಡಿದ್ದೇನೆ. ನನ್ನ ಅನುಮತಿಯನ್ನು ಕೇಳಿದವರು ಈ ಲೋಕದಲ್ಲಿ ಇದುವರೆಗೆ ಯಾರೂ ಇರಲಿಲ್ಲ. ಆ ಡಬ್ಬಿ ಕೇಳಿತು. ಬಂದ ಅರ್ಜಿದಾರನನ್ನು ಅಲೆಸಬಾರದೆಂದು ಮೂವತ್ತೊಂಬತ್ತು ಬಾರಿಯೂ ಆ ಕ್ಷಣವೇ ಮಂಜೂರು ಮಾಡಿದೆ.

ಅದರ ಫಲವನ್ನು ನೀನು ಅನುಭವಿಸಿದೆ. ಜೂನ್ 16ರ ಸೋಮವಾರ, ಮೋರಖಂಡಿಯ ಗೋವರ್ಧನನ ಪಹಣಿಯ ಮೇಲೆ ಆ ಅಶ್ಲೀಲ ಚಿತ್ರ ಬಂದು ನಿಂತಾಗ ಅಂಗಡಿಯಲ್ಲಿ ಆರು ಜನ ಗಂಡಸರಿದ್ದರು. ಅವರು ನಕ್ಕರು. ನನ್ನ ಅಂಗಡಿಯ ಮರ್ಯಾದೆ ಹೋಯಿತೆಂಬ ಒಂದೇ ಯೋಚನೆಯಲ್ಲಿ ನಾನು ನಿನ್ನತ್ತ ತಿರುಗಿ, “ಇಡೀ ದಿನ ಇದರ ಮ್ಯಾಲ ನೀ ಏನ್ ನೋಡಾಕತ್ತಿದ್ದಿ ಅಂತ ಈಗ ಗೊತ್ತಾತು” ಎಂದೆ. ನೀನು ಗೋವರ್ಧನನ ಪಹಣಿ ಮುದ್ರಿಸಿ ಅವನ ಕೈಗೆ ಕೊಟ್ಟು, ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹುಮನಾಬಾದದ ಬಸ್ಸು ಹತ್ತಿದೆ. ಆ ಮಾತು ನಿನ್ನ ಅತ್ತೆಯ ಮನೆಯ ಬಾಗಿಲವರೆಗೂ ಮುಟ್ಟಿದೆ ಎಂಬುದು ನನಗೆ ಗೊತ್ತು.

ಈಗ ಆ ಮೂವತ್ತೊಂಬತ್ತನ್ನೂ ಒಂದೊಂದಾಗಿ ನಾನೇ ತೆಗೆದುಹಾಕಿದ್ದೇನೆ. ಹಸಿರು ಗುಂಡಿಯ ದೆಸೆಯಿಂದ ಒಳಹೊಕ್ಕು ಪುಟಗಳನ್ನು ಬೇರೆಡೆಗೆ ಓಡಿಸುತ್ತಿದ್ದ ಒಂದು ತುಣುಕನ್ನು ವಿಸ್ತರಣೆಗಳ ಪಟ್ಟಿಯಲ್ಲಿ ಹಿಡಿದು ಕಿತ್ತು ಎಸೆದೆ. ಅದು ಬದಲಿಸಿಟ್ಟಿದ್ದ ಹುಡುಕುವ ಪುಟವನ್ನು ಮೊದಲಿನಂತೆ ಮಾಡಿದೆ. ಇನ್ನು ಮೇಲೆ ಯಾವ ತಾಣವೂ ಕೇಳಲೇಬಾರದು ಎಂಬ ಆಜ್ಞೆಯನ್ನೂ ಹೊರಡಿಸಿದೆ, ಅದಕ್ಕೂ ಒಂದು ಗುಂಡಿ ಇದೆ. ಎಪ್ಪತ್ತೊಂದರಲ್ಲಿ ಇಷ್ಟು ಸಂತೋಷವಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಮನೆಗೆ ಹೋಗಿ ನಿನ್ನ ಅವ್ವನಿಗೆ ಎಲ್ಲವನ್ನೂ ವಿವರಿಸಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ಊರ್ ಮಂದಿದೆಲ್ಲ ಬರಿತೀರಿ. ನಂದು ತಪ್ಪಾತು ಅಂತ ಒಂದ್ ಸಾಲು ಬರಿಯಾಕ ನಿಮಗ ಬರಲ್ಲೇನ್ರಿ?” ಎಂದಳು.

ಬರುತ್ತದೆ. ತಪ್ಪು ನನ್ನದು, ಶೀತಲ. ನಿನ್ನದು ಎಳ್ಳಷ್ಟೂ ಇರಲಿಲ್ಲ.

ಎರಡನೆಯ ವಿನಂತಿ: ಸೋಮವಾರ ಇಲ್ಲಿಗೇ ಬಾ. ಬರಲು ಮನಸ್ಸಿಲ್ಲದಿದ್ದರೆ ಆ ಕೇಂದ್ರಕ್ಕೆ ಸೇರು, ನಾನು ಅಡ್ಡಿ ಮಾಡುವುದಿಲ್ಲ. ಆದರೆ ಕಳಂಕ ಹೊತ್ತುಕೊಂಡು ಹೋಗಬೇಡ. ಬಂದೆಯಾದರೆ, ಮಧ್ಯಾಹ್ನ ಎರಡರಿಂದ ಮೂರರವರೆಗೆ ನನಗೆ ಕಲಿಸು. ನಿನ್ನೆದುರೇ ಕೂರುತ್ತೇನೆ.

ಇಂತಿ ನಿನ್ನ ಅಪ್ಪ,
ತುಳಜಾರಾಮ
(ಸ್ವಹಸ್ತಾಕ್ಷರ)

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಲೆ ‘ನಿನ್ನೆ’ ಎಂದು ಬರೆದಿರುವುದು ಸುಳ್ಳು. ಮೀನಾಜ್ ಬಂದದ್ದು ಜೂನ್ 18ರ ಬುಧವಾರ, ನೀನು ಹೋದ ಮೂರನೆಯ ದಿನ. ಕಂಪ್ಯೂಟರನ್ನು ಅಂದೇ ಸರಿಪಡಿಸಿದೆ. “ನಾ ಶೀತಲಗ ಹೇಳಂಗಿಲ್ಲ ಚಾಚಾ, ನೀವೇ ಹೇಳ್ರಿ” ಎಂದು ಅವಳು ಸುಮ್ಮನಾದಳು, ಆದ್ದರಿಂದ ಅವಳ ಮೇಲೆ ಸಿಟ್ಟಾಗಬೇಡ. ಒಂಬತ್ತು ದಿನ ಬರೆದೆ, ಹರಿದೆ. ಹರಿದ ಕಾಗದಗಳಲ್ಲೆಲ್ಲ “ಯಂತ್ರದ ದೋಷದಿಂದ” ಎಂದಿತ್ತು. ಆರು ಜನರ ಮುಂದೆ ಆಡಿದ ಮಾತು ಮುಚ್ಚಿದ ಲಕೋಟೆಯಲ್ಲಿ ತೀರುವುದಿಲ್ಲವೆಂದು ತಿಳಿಯಲು ನನಗೆ ಅಷ್ಟು ದಿನ ಬೇಕಾಯಿತು.

ಲಗತ್ತು: ತಪ್ಪು ನನ್ನದೆಂದು ಬರೆದು ಇಂದು ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ಅಂಟಿಸಿದ ಪ್ರಕಟಣೆಯ ನಕಲು, ಒಂದು ಪುಟ. ಗೋವರ್ಧನನನ್ನು ಕರೆಸಿ ಅವನೆದುರು ಓದಿದ್ದೇನೆ. ಸಾಕ್ಷಿಯೆಂದು ಅವನ ಸಹಿ ಕೆಳಗಿದೆ.